ಎಪ್ಪತ್ತರ ಹೊಸ್ತಿಲಲ್ಲಿ ದೊಡ್ಡ ವ್ಯಾನು ಬೇಕೆ?

ಇಂಗ್ಲೆಂಡಿನ ಯಾವುದಾದರೊಂದು ಸಣ್ಣ ಊರಿನ ಬೀದಿಯಲ್ಲಿ ಸಂಜೆಯ ಹೊತ್ತು ಸುಮ್ಮನೆ ನಡೆದು ಬಂದರೆ, ಉದ್ಯೋಗದಿಂದ ನಿವೃತ್ತರಾಗಿ, ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸಿಕೊಟ್ಟು, ಮನೆಸಾಲವನ್ನು ತೀರಿಸಿ ನೆಮ್ಮದಿಯಾಗಿರುವ ದಂಪತಿಗಳ ಮನೆಗಳಲ್ಲಿ ಕೆಲವುಗಳ ಅಂಗಳದಲ್ಲಿಯಾದರೂ, ಕಾರಿಗಿಂತ ಎತ್ತರವಾದ, ಕಿಟಕಿಗಳಿಗೆ ಪರದೆ ಇಳಿಬಿಟ್ಟುಕೊಂಡ ಒಂದು ವಾಹನ ನಿಂತಿರುವುದು ಕಾಣುತ್ತದೆ. ಹಗಲು ಬೆಂಚಾಗಿದ್ದು ರಾತ್ರಿ ಹಾಸಿಗೆಯಾಗುವ ಒಂದು ಆಸನ, ಎರಡು ಉರಿಯ ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ಕೈ ತೊಳೆಯುವಷ್ಟು ಅಗಲದ ಒಂದು ಸಿಂಕು, ಇವಿಷ್ಟನ್ನೂ ಹೊಟ್ಟೆಯಲ್ಲಿ ಅಡಗಿಸಿಕೊಂಡಿರುವ ಆ ವಾಹನಕ್ಕೆ ಕ್ಯಾಂಪರ್‌ವ್ಯಾನ್ ಎಂದು ಹೆಸರು. ಅದರ ಒಡೆಯರು ಅರುವತ್ತರ ಆಚೀಚೆಯಲ್ಲಿರುವವರಾದರೆ ಅವರ ಮನೆಯಲ್ಲಿ ಒಂದು ಪ್ರಶ್ನೆ ಬಹುಕಾಲದಿಂದ ಚರ್ಚೆಯಲ್ಲಿರುವುದು ಖಂಡಿತ: ಇಷ್ಟು ವರ್ಷ ಸಾಕಾಗಿದ್ದ ಈ ಚಿಕ್ಕದನ್ನು ಕೊಟ್ಟು, ಇನ್ನು ಮೇಲೆ ಶರೀರಕ್ಕೆ ಸ್ವಲ್ಪ ಸುಖವಿರಲೆಂದು, ದೊಡ್ಡದೊಂದನ್ನು ಕೊಳ್ಳೋಣವೆ?

ಕನ್ನಡ ಪತ್ರಿಕೆಯ ಓದುಗರಿಗೆ ಇದರಿಂದ ಏನಾಗಬೇಕೆಂದು ಕೇಳುವವರಿರಬಹುದು. ಕಳೆದ ಶತಮಾನದ ಅರುವತ್ತು ಎಪ್ಪತ್ತರ ದಶಕಗಳಲ್ಲಿ ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳಿಂದ ಹೊರಟು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ನಮ್ಮವರು ಅನೇಕರು ಅಲ್ಲಿಯೇ ನೆಲೆನಿಂತು ಈಗ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. ಅವರ ಹಿಂದೆ ಹೋದ ಇಂಜಿನಿಯರುಗಳೂ ಗಣಕತಜ್ಞರೂ ಐವತ್ತನ್ನು ದಾಟುತ್ತಿದ್ದಾರೆ. ನೆರೆಹೊರೆಯ ಬಿಳಿಯರಿಂದ ಅವರು ಕಲಿತ ಹವ್ಯಾಸಗಳಲ್ಲಿ ತೋಟಗಾರಿಕೆಯಂತೆ ಇದೂ ಒಂದು. ಬಸವನಗುಡಿಯಲ್ಲೋ ಧಾರವಾಡದಲ್ಲೋ ಇರುವ ಅಣ್ಣತಮ್ಮಂದಿರು ಫೋನಿನಲ್ಲಿ ಈ ಸಮಾಲೋಚನೆಯನ್ನು ಕೇಳಿ, "ಅಷ್ಟು ದೊಡ್ಡ ಮನೆ ಇಟ್ಟುಕೊಂಡು ವ್ಯಾನಿನಲ್ಲಿ ಮಲಗುವ ಹಣೆಬರಹ ಯಾಕಯ್ಯಾ ನಿನಗೆ?" ಎಂದು ನಗುವುದೂ ಉಂಟು. ಆ ದೇಶದಲ್ಲಿ ದೀರ್ಘಕಾಲ ಬಾಳಿದ, ಚಿಕ್ಕ ವ್ಯಾನೊಂದರಲ್ಲಿ ಪತ್ನಿಯೊಡನೆ ಸಾಕಷ್ಟು ಅಲೆದ ನನಗೆ ಈ ವಿಷಯದಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕುಳಿತಿದೆ. ದೊಡ್ಡದನ್ನು ಬಯಸುವವರ ಕಾರಣ ಬಹುಮಟ್ಟಿಗೆ ನ್ಯಾಯವಾದದ್ದೇ. ಆದರೆ ಆ ಕಾರಣಕ್ಕೆ ತಕ್ಕಷ್ಟು ದೊಡ್ಡದಾದ ವ್ಯಾನು, ಅವರು ಕೊಳ್ಳಹೊರಟಿರುವುದಕ್ಕಿಂತ ಎಷ್ಟೋ ಚಿಕ್ಕದು.

ಮೊದಲು ಆ ಕಾರಣವನ್ನೇ ಪರಿಶೀಲಿಸೋಣ. ಏತಕ್ಕೆಂದರೆ ಶಿಷ್ಟರ ಸಭೆಯಲ್ಲಿ ಅದನ್ನು ಯಾರೂ ಹೆಸರಿಟ್ಟು ಹೇಳುವುದಿಲ್ಲ. "ಸ್ವಲ್ಪ ಜಾಗ ಬೇಕು" ಎನ್ನುತ್ತಾರೆ. "ಮೊಮ್ಮಕ್ಕಳು ಬಂದರೆ ಇರಲಿ" ಎನ್ನುತ್ತಾರೆ. "ಚಳಿಗಾಲದಲ್ಲಿಯೂ ಹೋಗಿ ಬರಬಹುದು" ಎನ್ನುತ್ತಾರೆ. ವಾಸ್ತವವಾದ ಕಾರಣ ರಾತ್ರಿ ಎರಡು ಗಂಟೆಯ ಮೂತ್ರಶಂಕೆ. ಪುರುಷನ ಪ್ರಾಸ್ಟೇಟ್ ಗ್ರಂಥಿ, ಸ್ತ್ರೀಪುರುಷರಿಬ್ಬರ ಮೊಣಕಾಲು ಮತ್ತು ಸೊಂಟ, ಇವು ಮೂರೇ ಸೇರಿ ದೊಡ್ಡ ವ್ಯಾನುಗಳ ವ್ಯಾಪಾರವನ್ನು ನಡೆಸುತ್ತಿವೆಯೆಂದರೆ ಅದರಲ್ಲಿ ಅತಿಶಯೋಕ್ತಿ ಬಹಳವಿಲ್ಲ. ವೈದ್ಯರೇ ಇದನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ಸಂಕೋಚಪಡುವುದನ್ನು ನಾನು ಕಂಡಿದ್ದೇನೆ.

ಚಿಕ್ಕ ವ್ಯಾನಿನ ರಾತ್ರಿ ಹೇಗಿರುತ್ತದೆಂಬುದನ್ನು ಅರಿಯದವರಿಗಾಗಿ ಸ್ವಲ್ಪ ವಿವರಿಸುವುದು ಆವಶ್ಯಕ. ಈ ಜಾತಿಯ ವಾಹನಗಳಿಗೆಲ್ಲ ಮಾದರಿಯಾದುದು ಜರ್ಮನಿಯ ಫೋಕ್ಸ್‌ವ್ಯಾಗನ್. ಹಾಲೆಂಡಿನ ವ್ಯಾಪಾರಿ ಬೆನ್ ಪೋನ್ ಎಂಬಾತ 1947ರಲ್ಲಿ ಒಂದು ಹಾಳೆಯ ಮೇಲೆ ಗೀಚಿದ ಪೆಟ್ಟಿಗೆಯಾಕಾರದ ಚಿತ್ರದಿಂದ ಹುಟ್ಟಿ 1950ರಲ್ಲಿ ತಯಾರಿಗೆ ಬಂದ ಆ ವಾಹನ, ತಲೆಮಾರುಗಳನ್ನು ದಾಟಿ ಬಂದರೂ ಹೆಚ್ಚು ಬೆಳೆಯಲಿಲ್ಲ. 2024ರವರೆಗೆ ತಯಾರಾಗುತ್ತಿದ್ದ ಕ್ಯಾಲಿಫೋರ್ನಿಯ ಎಂಬ ಮಾದರಿಯ ಉದ್ದ ಸುಮಾರು 4.9 ಮೀಟರು, ಅಗಲ 1.9, ಎತ್ತರ ಎರಡಕ್ಕೆ ಒಂದು ಬೆರಳು ಕಡಿಮೆ. ಮಲಗುವ ಹೊತ್ತಾದಾಗ ಚೀಲಗಳನ್ನೆಲ್ಲ ಮುಂದಿನ ಸೀಟುಗಳಿಗೆ ಸಾಗಿಸಬೇಕು. ಆಮೇಲೆ ಬೆಂಚಿನ ಬೆನ್ನನ್ನು ಬೀಳಿಸಿ, ಅದರ ಮೇಲೆ ಇನ್ನೊಂದು ಮೆತ್ತೆ ಹಾಸಿ, ಪರದೆಗಳನ್ನೆಳೆದು, ಕನ್ನಡಕ ಎಲ್ಲಿಟ್ಟೆವೆಂಬುದನ್ನು ಇಬ್ಬರೂ ಪರಸ್ಪರ ಕೇಳಿಕೊಂಡು ಮಲಗಬೇಕು. ಒಳಗಡೆ ಮಲಗಿದವರು ರಾತ್ರಿ ಏಳಬೇಕಾದರೆ ಹೊರಗಡೆಯವರನ್ನು ದಾಟಿ ಬರಬೇಕು. ಚಪ್ಪಲಿ ಹುಡುಕಿ, ಟಾರ್ಚು ಹಿಡಿದು, ಪಕ್ಕಕ್ಕೆ ಸರಿಯುವ ಆ ಬಾಗಿಲನ್ನು ತೆರೆದರೆ, ಅದು ಎಷ್ಟೇ ಮೆಲ್ಲಗೆ ಎಳೆದರೂ ಕೊನೆಯಲ್ಲಿ ಒಂದು ಗುಡುಗು ಹಾಕದೆ ಬಿಡುವುದಿಲ್ಲ. ಇಡೀ ಕ್ಯಾಂಪ್‌ಸೈಟಿಗೆ ಇಂಥವರು ಇಷ್ಟು ಹೊತ್ತಿಗೆ ಎದ್ದರೆಂಬ ವರ್ತಮಾನ ತಿಳಿಯುತ್ತದೆ. ಅನಂತರ ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ನಡೆದು, ದೂರದ ಶೌಚಗೃಹದವರೆಗೆ ಹೋಗಿ ಬಂದು, ನೆನೆದ ಪಾದಗಳನ್ನು ಅದೇ ಹೊದಿಕೆಯೊಳಗೆ ತೂರಿಸಬೇಕು. ನಲವತ್ತೈದರ ವಯಸ್ಸಿನಲ್ಲಿ ಇದು ವಿನೋದ. ಅರುವತ್ತೆಂಟರಲ್ಲಿ ಇದು ಪ್ರವಾಸವನ್ನೇ ಬಿಡಿಸುವ ಸಂಗತಿ. ಬಿಟ್ಟವರನ್ನು ನಾನು ಬಲ್ಲೆ. ಅವರ ವ್ಯಾನುಗಳು ಅಂಗಳದಲ್ಲಿ ಹಾವಸೆಗಟ್ಟಿ ನಿಂತಿವೆ.

ನಮ್ಮವರಿಗೆ ಇದರ ಮೇಲೆ ಅಡುಗೆಯ ಕಷ್ಟ ಬೇರೆ. ಮೇಲ್ಛಾವಣಿಯನ್ನು ಎತ್ತಿದಾಗ ಅದರ ಸುತ್ತ ಇರುವ ಕ್ಯಾನ್ವಾಸು ಬಟ್ಟೆ ಒಗ್ಗರಣೆಯ ಹೊಗೆಯನ್ನು ಎಷ್ಟು ಪ್ರೀತಿಯಿಂದ ಸ್ವೀಕರಿಸುತ್ತದೆಂದರೆ, ಯಾರ್ಕ್‌ಶೈರಿನಲ್ಲಿ ಹಾಕಿದ ಇಂಗಿನ ಘಮ ಎಡಿನ್‌ಬರೊ ದಾಟಿದ ಮೇಲೂ ತಲೆಯ ಮೇಲೆಯೇ ಇರುತ್ತದೆ. ಸಾಸಿವೆ ಸಿಡಿದು ಪಕ್ಕದ ದಿಂಬಿಗೆ ಬೀಳುತ್ತದೆ. ಮೂರು ಲೀಟರಿನ ಕುಕ್ಕರನ್ನು ಒಂದು ಉರಿಯ ಮೇಲೆ ಇಟ್ಟರೆ ಇನ್ನೊಂದು ಉರಿಯ ಮೇಲೆ ಹುಳಿಯ ಪಾತ್ರೆ ಓರೆಯಾಗಿ ನಿಲ್ಲುತ್ತದೆ. ಬ್ರೆಡ್ಡು, ಬೀನ್ಸುಗಳಿಂದ ಎರಡು ವಾರ ಕಳೆಯಬಲ್ಲ ಇಂಗ್ಲಿಷ್ ದಂಪತಿಗಳ ಅಳತೆಗೆ ಮಾಡಿದ ಅಡುಗೆಮನೆಯಲ್ಲಿ ಅನ್ನ ಸಾರು ಬೇಕೆನ್ನುವವರು, ಅದರಲ್ಲಿಯೂ ಮಧುಮೇಹದ ದೆಸೆಯಿಂದ ಹೊತ್ತು ಹೊತ್ತಿಗೆ ತಕ್ಕ ಆಹಾರವೇ ಆಗಬೇಕೆನ್ನುವವರು, ಇನ್ನಷ್ಟು ಸ್ಥಳ ಬೇಕೆಂದರೆ ಅದನ್ನು ದುರಾಶೆಯೆಂದು ಹಳಿಯುವುದು ತರವಲ್ಲ.

ಆದುದರಿಂದ ಬೇಕಾಗಿರುವುದು ಸ್ಪಷ್ಟ: ಹಾಸಿಗೆಯಿಂದ ಎರಡು ಹೆಜ್ಜೆಯಲ್ಲಿ ಒಂದು ಶೌಚಾಲಯ, ಪ್ರತಿರಾತ್ರಿ ಕಟ್ಟಿ ಪ್ರತಿ ಬೆಳಗ್ಗೆ ಬಿಚ್ಚಬೇಕಿಲ್ಲದ ಒಂದು ಹಾಸಿಗೆ, ನೆಟ್ಟಗೆ ನಿಂತು ಒಗ್ಗರಣೆ ಹಾಕುವಷ್ಟು ಎತ್ತರ. ಇಷ್ಟು ಬೇಕೆಂದು ವ್ಯಾಪಾರಿಯ ಅಂಗಳಕ್ಕೆ ಹೋದವರು ಅಲ್ಲಿ ಕಾಣುವುದೇನು? ಏಳು ಮೀಟರು, ಏಳೂವರೆ ಮೀಟರು ಉದ್ದದ, ಸುಮಾರು 2.3 ಮೀಟರು ಅಗಲದ, ಮಂಚದ ಎರಡು ಪಕ್ಕದಲ್ಲಿಯೂ ಇಳಿಯಲು ಹಾದಿಯಿರುವ, ಎದುರುಬದುರು ಸೋಫಾಗಳಿರುವ, ಟೆಲಿವಿಷನ್ನಿಗೆ ಬೇರೆ ಗೂಡಿರುವ ಮೋಟರ್‌ಹೋಮುಗಳು. ಒಳಗೆ ಹತ್ತಿ ಕುಳಿತ ಹೆಂಗಸು "ಎಷ್ಟು ಚೆನ್ನಾಗಿದೆ ನೋಡ್ರೀ" ಎನ್ನುವುದಕ್ಕೂ, ಮಾರುವವನು ಕಾಫಿ ತರಿಸುವುದಕ್ಕೂ ಸರಿಹೋಗುತ್ತದೆ. ನಿಂತಿರುವ ವಾಹನವನ್ನು ನೋಡಿ ಓಡುವ ವಾಹನವನ್ನು ಕೊಳ್ಳುವ ಈ ಪದ್ಧತಿಯೇ ಅನರ್ಥಕ್ಕೆ ಮೂಲ.

ಈ ಮೋಹ ಹೊಸದೇನೂ ಅಲ್ಲ. ವಿಹಾರಕ್ಕೆಂದೇ ಕಟ್ಟಿಸಿದ ಮೊತ್ತಮೊದಲ ಕ್ಯಾರವಾನಿನ, ಎಂದರೆ ಮನೆಬಂಡಿಯ, ಒಡೆಯನೆಂದು ಬ್ರಿಟಿಷರು ನೆನೆಯುವ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತನೂ ಒಬ್ಬ ವೈದ್ಯನೇ. ನೌಕಾಪಡೆಯಲ್ಲಿ ಶಸ್ತ್ರವೈದ್ಯನಾಗಿದ್ದು, ಆರೋಗ್ಯ ಕೆಟ್ಟು ಸೇವೆಯನ್ನು ಬಿಟ್ಟು, ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದುಕೊಂಡಿದ್ದವನು. 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಕಂಪನಿಯಿಂದ 'ವಾಂಡರರ್' ಎಂಬ, ಸುಮಾರು 18 ಅಡಿ ಉದ್ದದ ಬಂಡಿಯನ್ನು ಮಾಡಿಸಿಕೊಂಡು, ಎರಡು ಕುದುರೆ ಹೂಡಿಸಿ, ಬರ್ಕ್‌ಶೈರಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಪಯಣಿಸಿದ. ಅವನ ಪ್ರವಾಸದಲ್ಲಿ ನನಗೆ ಹಿಡಿಸಿದ ವಿವರವೊಂದಿದೆ. ಆ ಬಂಡಿ ಹಳ್ಳಿಯ ದಾರಿಗಳಿಗೆ ಎಷ್ಟು ದೊಡ್ಡದಾಗಿತ್ತೆಂದರೆ, ಕುದುರೆಗಳನ್ನು ನೋಡಿಕೊಳ್ಳಲು ಒಬ್ಬ ಸಾರಥಿಯಲ್ಲದೆ, ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಹೋಗಿ ದಾರಿ ತೆರಪಾಗಿದೆಯೆ ಎಂದು ನೋಡಿ ಎಚ್ಚರಿಸಲು ಒಬ್ಬ ಪರಿಚಾರಕನೂ ಬೇಕಾಗಿದ್ದ. ಇಂದು ದೊಡ್ಡ ವಾಹನವನ್ನು ಕೊಳ್ಳುವವರಿಗೆ ಆ ಪರಿಚಾರಕ ಸಿಕ್ಕುವುದಿಲ್ಲ. ಆ ಕೆಲಸ ಹೆಂಡತಿಯ ಪಾಲಿಗೆ ಬರುತ್ತದೆ.

ಸ್ಕಾಟ್ಲೆಂಡಿನ ಉತ್ತರದ ಕರಾವಳಿಯನ್ನು ಸುತ್ತಿಬರುವ 516 ಮೈಲಿಯ ದಾರಿಯೊಂದಕ್ಕೆ 2015ರಿಂದ ನಾರ್ತ್ ಕೋಸ್ಟ್ 500 ಎಂದು ಹೆಸರಿಟ್ಟು ಪ್ರಚಾರ ಮಾಡಿದ ಮೇಲೆ, ಬ್ರಿಟನ್ನಿನ ವ್ಯಾನಿಗರೆಲ್ಲರೂ ಒಮ್ಮೆಯಾದರೂ ಅಲ್ಲಿಗೆ ಹೋಗದೆ ತೃಪ್ತರಾಗುವುದಿಲ್ಲ. ಅದರ ಎಷ್ಟೋ ಭಾಗ ಒಂದೇ ವಾಹನ ಹಿಡಿಯುವ ರಸ್ತೆ. ಎದುರಿಗೆ ಇನ್ನೊಂದು ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಅಗಲಮಾಡಿದ ಜಾಗಗಳುಂಟು. ಚಿಕ್ಕ ವ್ಯಾನಿನಲ್ಲಿ ಅದು ಸೌಜನ್ಯವನ್ನು ಕಲಿಸುವ ದಾರಿ: ಒಬ್ಬರು ಸರಿಯುತ್ತಾರೆ, ಇನ್ನೊಬ್ಬರು ಕೈಯೆತ್ತಿ ವಂದಿಸುತ್ತಾರೆ. ಏಳು ಮೀಟರಿನ ವಾಹನದಲ್ಲಿ ಎದುರಿಗೆ ಮೀನಿನ ಲಾರಿ ಬಂದು ನಿಂತು, ಹಿಂದಿನ ಜಾಗಕ್ಕೆ ಸರಿಯಬೇಕಾದಾಗಿನ ಸ್ಥಿತಿ ಬೇರೆ. ಪತ್ನಿ ಮಳೆಯಂಗಿ ತೊಟ್ಟು ಕೆಳಗಿಳಿದು, ಹಿಂದೆ ನಿಂತು, "ಬನ್ನಿ, ಬನ್ನಿ, ಇನ್ನೂ ಬನ್ನಿ" ಎಂದು ಕೈಬೀಸುತ್ತಾಳೆ, ಕನ್ನಡಿಯಲ್ಲಿ ಆಕೆ ಕಾಣುವುದಿಲ್ಲ, ಗಾಳಿಯಲ್ಲಿ ಆಕೆಯ ಮಾತು ಕೇಳುವುದಿಲ್ಲ, ಎಡಗಡೆ ಹಳ್ಳ, ಬಲಗಡೆ ಬಂಡೆ, ಕುತ್ತಿಗೆ ತಿರುಗಿಸಿದರೆ ಸ್ಪಾಂಡಿಲೈಟಿಸಿನ ನೋವು, ಕಡೆಗೆ "ಸಾಕು ಅಂದ್ರೆ ಸಾಕೂರೀ!" ಎಂಬ ಕೂಗು ಕಿವಿಗೆ ಬೀಳುವ ವೇಳೆಗೆ ಹಿಂದಿನ ದೀಪದ ಗಾಜು ಕಲ್ಲಿಗೆ ತಗುಲಿರುತ್ತದೆ. ಮಿತ್ರರೊಬ್ಬರ ಮನೆಯಲ್ಲಿ ಆ ಸಂಜೆಯ ಮೌನ ಎರಡು ದಿನ ನಡೆಯಿತೆಂದು ಕೇಳಿದ್ದೇನೆ. ಆಪಲ್‌ಕ್ರಾಸಿಗೆ ಏರುವ ಬೆಲಾಖ್ ನ ಬಾ ಎಂಬ ಘಟ್ಟದ ಬುಡದಲ್ಲಿಯಂತೂ, ಹೊಸದಾಗಿ ಕಲಿಯುವವರಿಗೂ ಬಹು ದೊಡ್ಡ ವಾಹನಗಳಿಗೂ ಕ್ಯಾರವಾನುಗಳಿಗೂ ಈ ದಾರಿ ಯೋಗ್ಯವಲ್ಲವೆಂದು ಫಲಕ ಹಾಕಿಯೇ ಇದ್ದಾರೆ. 626 ಮೀಟರು ಎತ್ತರದಿಂದ ಕಾಣುವ ಆ ಸಮುದ್ರವೂ ದ್ವೀಪಗಳೂ ದೊಡ್ಡ ವ್ಯಾನಿನವರಿಗೆ ಇಲ್ಲ. ಕಾರ್ನ್‌ವಾಲಿನ ಬೇಲಿಗಳ ನಡುವಣ ಓಣಿಗಳೂ, ಬೀಚುಗಳ ಬಳಿಯ ವಾಹನ ನಿಲ್ದಾಣಗಳ ಬಾಯಿಯಲ್ಲಿ ಸುಮಾರು ಎರಡು ಮೀಟರಿನ ಎತ್ತರದಲ್ಲಿ ಅಡ್ಡ ಹಾಕಿರುವ ಕಬ್ಬಿಣದ ತೊಲೆಗಳೂ ಇದೇ ಮಾತನ್ನು ಹೇಳುತ್ತವೆ. ಬ್ರಿಟನ್ನಿನಲ್ಲಿ ಒಂದು ವಾಹನಕ್ಕೆಂದು ಗುರುತುಮಾಡಿದ ಜಾಗದ ಸಾಮಾನ್ಯ ಅಳತೆ 4.8 ಮೀಟರು ಉದ್ದ, 2.4 ಮೀಟರು ಅಗಲ. ಉಳಿದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಎಂದರೆ, ದೊಡ್ಡದನ್ನು ಕೊಂಡವರು ರಾತ್ರಿಯ ಸುಖವನ್ನು ಹಗಲಿನಿಂದ ಕೊಳ್ಳುತ್ತಾರೆ. ರಾತ್ರಿ ಚೆನ್ನಾಗಿ ಮಲಗಿ, ಹಗಲು ಎಲ್ಲಿಗೂ ಹೋಗದೆ, ಕ್ಯಾಂಪ್‌ಸೈಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುವ ಎಷ್ಟೋ ಮಂದಿಯನ್ನು ನೋಡಿದ ಮೇಲೆ ಈ ಮಾತನ್ನು ಹೇಳುತ್ತಿದ್ದೇನೆ. ಕುಳಿತಿರುವುದೇ ಅವರ ಇಷ್ಟವಾದರೆ ನನ್ನ ತಕರಾರಿಲ್ಲ.

ಇನ್ನು ಕಾನೂನಿನ ವಿಷಯ. ಇದನ್ನು ನಮ್ಮವರು ಅತ್ಯಂತ ಅಲಕ್ಷಿಸುತ್ತಾರಾದುದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮೊದಲು ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ, ಕೇಳದೆಯೇ, ಸಿ1 ಎಂಬ ವರ್ಗದ ಹಕ್ಕೂ ಲೈಸೆನ್ಸಿನಲ್ಲಿ ಸೇರಿ ಬಂದಿದೆ, 7.5 ಟನ್ನಿನವರೆಗಿನ ವಾಹನವನ್ನು ಅವರು ನಡೆಸಬಹುದು. ಆ ದಿನದಿಂದ ಈಚೆಗೆ ತೇರ್ಗಡೆಯಾದವರಿಗೆ ಡೀಸೆಲ್, ಪೆಟ್ರೋಲು ವಾಹನಗಳಲ್ಲಿ 3.5 ಟನ್ನೇ ಮಿತಿ. ಅದಕ್ಕಿಂತ ಭಾರವಾದುದಕ್ಕೆ ಬೇರೆ ಪರೀಕ್ಷೆ ಕೊಡಬೇಕು. ಆದ್ದರಿಂದ ಎಪ್ಪತ್ತರ ದಶಕದಲ್ಲಿ ಹೋದ ವೈದ್ಯರೂ, 2000ದ ಈಚೆಗೆ ಹೋದ ಗಣಕತಜ್ಞರೂ ಒಂದೇ ಸಂಘದ ಯುಗಾದಿಯಲ್ಲಿ ಒಂದೇ ಸಾಲಿನಲ್ಲಿ ಹೋಳಿಗೆ ಉಣ್ಣುತ್ತಿದ್ದರೂ ಅವರ ಲೈಸೆನ್ಸುಗಳು ಒಂದೇ ಅಲ್ಲ; ಹಿರಿಯರ ಮೋಟರ್‌ಹೋಮನ್ನು ಕಂಡು ಕಿರಿಯರು ಅಂಥದೇ ಕೊಂಡು ನಡೆಸಹೊರಟರೆ ಅದು ಅಪರಾಧವೂ ಆದೀತು. ಹಿರಿಯರಾದರೂ ಹೆಚ್ಚು ಬೀಗಬೇಕಾಗಿಲ್ಲ. ಎಪ್ಪತ್ತು ತುಂಬಿದೊಡನೆ ಎಲ್ಲರ ಲೈಸೆನ್ಸನ್ನೂ ನವೀಕರಿಸಬೇಕು, ಅನಂತರ ಮೂರು ಮೂರು ವರ್ಷಕ್ಕೊಮ್ಮೆ ಮತ್ತೆ. ಕಾರಿನ ಮಟ್ಟಿಗೆ ಅದು ಸುಲಭ: ತನ್ನ ಆರೋಗ್ಯವನ್ನು ತಾನೇ ಬರೆದು ತಿಳಿಸಿದರಾಯಿತು. ಸಿ1 ಹಕ್ಕನ್ನು ಉಳಿಸಿಕೊಳ್ಳಬೇಕಾದರೆ ವೈದ್ಯರಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಕಳುಹಿಸಬೇಕು. ದೃಷ್ಟಿಗೂ ಹೃದಯಕ್ಕೂ ಅಲ್ಲಿ ಲಾರಿ ನಡೆಸುವವರ ಅಳತೆಗೋಲು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಿಯಮ ಮತ್ತೂ ಬಿಗಿ. ವರದಿಯನ್ನು ಕಳುಹಿಸದಿದ್ದರೆ ಆ ಹಕ್ಕು ತಾನಾಗಿ ಬಿದ್ದುಹೋಗಿ 3.5 ಟನ್ನಿಗೆ ಇಳಿಯುತ್ತದೆ. ಅರುವತ್ತೆಂಟನೆಯ ವಯಸ್ಸಿನಲ್ಲಿ ನಾಲ್ಕು ಟನ್ನಿನ ವಾಹನವನ್ನು ಕೊಂಡವನು, ಎರಡು ವರ್ಷದೊಳಗಾಗಿ ತನ್ನದೇ ಅಂಗಳದಲ್ಲಿ ತಾನು ಮುಟ್ಟಲಾಗದ ಆಸ್ತಿಯನ್ನು ಹೊಂದಿರುವ ಸಾಧ್ಯತೆಯನ್ನು ಮಾರುವವನು ಹೇಳುವುದಿಲ್ಲ. ಹೇಳುವುದು ಅವನ ಧರ್ಮವೂ ಅಲ್ಲವೇನೋ.

"ನಮ್ಮದು 3.5 ಟನ್ನಿನೊಳಗೇ ಇದೆ" ಎಂದು ಸಮಾಧಾನ ಪಟ್ಟುಕೊಳ್ಳುವವರು ತೂಕದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ತುಂಬಿದ ಗರಿಷ್ಠ ತೂಕ 3500 ಕಿಲೋ ಎಂದು ಬರೆದಿರುವ ಒಂದು ಏಳು ಮೀಟರಿನ ಮೋಟರ್‌ಹೋಮಿನ ಖಾಲಿ ತೂಕ, ಚಾಲಕನನ್ನೂ ಡೀಸೆಲನ್ನೂ ಸೇರಿಸಿ, 3100 ಎಂದಿಟ್ಟುಕೊಳ್ಳಿ. ಉಳಿದದ್ದು 400. ಪತ್ನಿಯ ತೂಕ 65. ನೀರಿನ ತೊಟ್ಟಿ ತುಂಬಿದರೆ, ಅದನ್ನು ತಯಾರಕರು ಎಷ್ಟೋ ಸಲ ಪೂರ್ತಿ ಲೆಕ್ಕಕ್ಕೆ ಹಿಡಿದಿರುವುದಿಲ್ಲ, 100 ಲೀಟರಿಗೆ 100 ಕಿಲೋ. ಪಕ್ಕದಲ್ಲಿ ಬಿಚ್ಚುವ ಬಿಸಿಲುಮರೆ 30. ವಾಹನ ದೊಡ್ಡದಾದುದರಿಂದ ಊರೊಳಗೆ ಹೋಗಲಾರದೆ ಅದಕ್ಕೆಂದು ಹಿಂದೆ ತೂಗುಹಾಕಿದ ಎರಡು ವಿದ್ಯುತ್ ಸೈಕಲ್ಲುಗಳೂ ಅವುಗಳ ಚೌಕಟ್ಟೂ 60. ಇನ್ನೊಂದು ಬ್ಯಾಟರಿ, ಸೌರಫಲಕ 40. ಮೇಜು ಕುರ್ಚಿ 25. ಇನ್ನುಳಿದ 80 ಕಿಲೋದಲ್ಲಿ ಇಬ್ಬರ ಬಟ್ಟೆಬರೆ, ಪಾತ್ರೆ ಪರಡಿ, ಪುಸ್ತಕ, ಔಷಧ ಎಲ್ಲವೂ ಆಗಬೇಕು. ಸೋನಾಮಸೂರಿಯ ಚೀಲವೂ ತೊಗರಿಬೇಳೆಯೂ ಆಗಬೇಕು. ಮಿತಿ ಮೀರಿದರೆ ದಂಡ, ಅಪಘಾತವಾದರೆ ವಿಮೆಯವರ ತಗಾದೆ. ಕಾಗದಪತ್ರಗಳಲ್ಲಿ ತೂಕದ ಮಿತಿಯನ್ನು ಏರಿಸಿಕೊಳ್ಳಬಹುದಲ್ಲ ಎನ್ನುವವರುಂಟು. ಏರಿಸಿದೊಡನೆ ಅದೇ ಸಿ1 ಬಾಗಿಲಿಗೆ ಬಂದು ನಿಲ್ಲುತ್ತದೆ. ಚಾಲಕನನ್ನೂ ಡೀಸೆಲನ್ನೂ ಬಿಟ್ಟು ಖಾಲಿ ತೂಕ 3.05 ಟನ್ನನ್ನು ಮೀರಿದರೆ ಸಾಮಾನ್ಯ ಹೆದ್ದಾರಿಯ ವೇಗಮಿತಿಯೂ ಗಂಟೆಗೆ 60 ಮೈಲಿಯಿಂದ 50ಕ್ಕೆ ಇಳಿಯುತ್ತದೆಂಬುದು ಎಷ್ಟೋ ಒಡೆಯರಿಗೆ ಗೊತ್ತೇ ಇಲ್ಲ.

ದೊಡ್ಡ ವ್ಯಾನಿನ ಪರವಾಗಿ ಹಿಂದೆ ಒಂದು ಬಲವಾದ ವಾದವಿತ್ತು: ನವೆಂಬರಿನಲ್ಲಿ ಹಡಗು ಹತ್ತಿ ಸ್ಪೇನಿಗೋ ಪೋರ್ಚುಗಲ್ಲಿಗೋ ಇಳಿದು, ಬಿಸಿಲಿನಲ್ಲಿ ಚಳಿಗಾಲವನ್ನೆಲ್ಲ ಕಳೆದು ಏಪ್ರಿಲಿನಲ್ಲಿ ಹಿಂದಿರುಗುವವರಿಗೆ ಮನೆಯಂಥ ವಾಹನವೇ ಬೇಕು. ಬ್ರಿಟನ್ನು ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಬ್ರಿಟಿಷ್ ಪಾಸ್‌ಪೋರ್ಟಿನವರು ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಸಂಕ್ರಾಂತಿ ಕಳೆದು ಶಿವರಾತ್ರಿಯ ಮುಂಚೆಯೇ ಗಂಟುಮೂಟೆ ಕಟ್ಟಬೇಕಾದವರಿಗೆ ಆ ವಾದದ ಅರ್ಧ ಬಲ ಹೋದಂತೆಯೇ. ಅದಕ್ಕೂ ಮಿಗಿಲಾಗಿ, ನಮ್ಮವರಲ್ಲಿ ಹೆಚ್ಚಿನವರು ಚಳಿಗಾಲವನ್ನು ಮೈಸೂರಿನಲ್ಲಿಯೇ ಕಳೆಯುತ್ತಾರಲ್ಲವೆ? ಆ ತಿಂಗಳುಗಳಲ್ಲಿ ವ್ಯಾನು ಎಲ್ಲಿ ನಿಲ್ಲಬೇಕು, ಅದರ ಕೊಳವೆಗಳಲ್ಲಿ ಹಿಮಗಟ್ಟದಂತೆ ನೀರನ್ನು ಬಸಿಯುವವರು ಯಾರು?

ಹಣದ ಮಾತನ್ನು ನಾನು ಹೆಚ್ಚು ಬೆಳೆಸುವುದಿಲ್ಲ. ಹೊಸದಕ್ಕೆ 60,000, 70,000 ಪೌಂಡೆಂಬುದು ಈಗ ಸಾಧಾರಣವಾದ ಮಾತು. ಹಳೆಯ ಡೀಸೆಲ್ ವಾಹನವಾದರೆ ಯೂರೊ 6 ಮಟ್ಟದ್ದಲ್ಲದಿದ್ದಲ್ಲಿ, 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ ವಿಸ್ತರಿಸಿರುವ ಮಾಲಿನ್ಯ ವಲಯದಲ್ಲಿ ಮಗನ ಮನೆಗೆ ಹೋಗಿ ಬರಲು ದಿನಕ್ಕೆ 12.50 ಪೌಂಡು ತೆರಬೇಕು. ದುಡಿದವರು ಖರ್ಚುಮಾಡಲಿ. ಮಕ್ಕಳಿಗೆ ಉಳಿಸಬೇಕೆಂಬ ಕಾರಣಕ್ಕೆ ಚಿಕ್ಕದರಲ್ಲಿ ಸೊಂಟ ನೋಯಿಸಿಕೊಳ್ಳಿರೆಂದು ನಾನು ಹೇಳಲಾರೆ.

ಹಣಕ್ಕಿಂತಲೂ ಕಾನೂನಿಗಿಂತಲೂ ಗುರುತರವಾದ ಸಂಗತಿ ಇನ್ನೊಂದಿದೆ. ನಮ್ಮ ಆ ತಲೆಮಾರಿನ ಮನೆಗಳಲ್ಲಿ ವ್ಯಾನು ನಡೆಸುವವರು ಸಾಮಾನ್ಯವಾಗಿ ಒಬ್ಬರೇ. ಹೆಂಡತಿಗೆ ಲೈಸೆನ್ಸಿದೆ, ಪೇಟೆಗೆ ಕಾರಿನಲ್ಲಿ ಆಕೆ ಹೋಗಿಬರುತ್ತಾಳೆ. ಚಿಕ್ಕ ವ್ಯಾನನ್ನೂ ಅಗತ್ಯ ಬಿದ್ದರೆ ನಡೆಸಿಯಾಳು, ಏಕೆಂದರೆ ಅದು ಕಾರಿನ ಅಳತೆಯದೇ. ದೊಡ್ಡದು ಬಂದ ದಿನ ಆಕೆ ಚುಕ್ಕಾಣಿಯಿಂದ ದೂರವಾಗುತ್ತಾಳೆ. "ಅದು ನಿಮ್ಮದು, ನನ್ನ ಕೈಯಿಂದ ಮುಟ್ಟಿಸಬೇಡಿ" ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಗಂಡಹೆಂಡಿರ ಸಂಸಾರದಲ್ಲಿ ಇದು ಸಣ್ಣ ವಿಷಯದಂತೆ ತೋರಬಹುದು. ಆದರೆ ಎಪ್ಪತ್ತರ ಆಚೀಚೆಯಲ್ಲಿ, ಇನ್ವರ್ನೆಸ್ಸಿನಿಂದ ಎರಡು ಗಂಟೆ ದೂರದ ಒಂದು ಕಡಲ ಮೂಲೆಯಲ್ಲಿ, ಫೋನಿಗೆ ಸಿಗ್ನಲ್ಲಿಲ್ಲದ ರಾತ್ರಿಯಲ್ಲಿ ಚಾಲಕನ ಎದೆಯೇ ನೋಯತೊಡಗಿದರೆ, ಆ ವಾಹನವನ್ನು ಅಲ್ಲಿಂದ ಹೊರಡಿಸಬಲ್ಲವರು ಇನ್ನೊಬ್ಬರು ಇಲ್ಲವೆಂದರೆ ಅದು ಸಣ್ಣ ವಿಷಯವಲ್ಲ. ಅಷ್ಟು ಭೀಕರವಾದುದನ್ನು ಬಿಡೋಣ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸರತಿ ಕಾಯುವ ತಿಂಗಳುಗಳು, ಮೊಣಕಾಲು ಬದಲಿಸಿದ ಮೇಲಿನ ವಾರಗಳು, ಪಾದ ಉಳುಕಿದ ಒಂದು ಬೇಸಗೆ, ಇವು ಪ್ರತಿಯೊಂದು ಮನೆಯಲ್ಲಿಯೂ ಬಂದೇ ಬರತಕ್ಕವು. ಆಗೆಲ್ಲ ಒಬ್ಬರು ಮಾತ್ರ ನಡೆಸಬಲ್ಲ ವ್ಯಾನು ನಿಂತಲ್ಲಿಯೇ ನಿಲ್ಲುತ್ತದೆ. ಕೊಳ್ಳುವ ನಿರ್ಧಾರದಲ್ಲಿ ಮೊದಲ ಮತ ನಡೆಸುವವರದಲ್ಲ, ನಡೆಸಲು ಅಳುಕುವವರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರದೆಯ ಬಣ್ಣವನ್ನೂ ಸಿಂಕಿನ ಆಳವನ್ನೂ ಮಾತ್ರ ಆಕೆಗೆ ಬಿಟ್ಟು ಉಳಿದುದನ್ನು ತಾನೇ ನಿಶ್ಚಯಿಸುವ ಯಜಮಾನರ ಪದ್ಧತಿಯನ್ನು ನಾನು ಒಪ್ಪಲಾರೆ.

ಕೆಲವರು ಈ ಅಲೆದಾಟವನ್ನು ವಾನಪ್ರಸ್ಥವೆಂದು ವರ್ಣಿಸಲು ಇಷ್ಟಪಡುತ್ತಾರೆ. ಫ್ರಿಜ್ಜಿನಲ್ಲಿ ಮೊಸರಿಟ್ಟುಕೊಂಡು ಹೊರಡುವ ಪ್ರಯಾಣಕ್ಕೆ ಅಷ್ಟು ಘನವಾದ ಹೆಸರು ಬೇಡ. ಇದು ಸಂತೋಷಕ್ಕಾಗಿ ಮಾಡುವ ತಿರುಗಾಟ, ಸಂತೋಷವೇ ಅದರ ಅಳತೆ.

ದೊಡ್ಡದೇ ಸರಿಯಾದವರೂ ಇದ್ದಾರೆ. ಗಾಲಿಕುರ್ಚಿಯನ್ನು ಒಳಗೆ ಹತ್ತಿಸಬೇಕಾದವರು, ಒಂದೇ ಕ್ಷೇತ್ರದಲ್ಲಿ ತಿಂಗಳುಗಟ್ಟಲೆ ಇರಲಿಚ್ಛಿಸುವವರು, ಬೇಸಗೆಯೆಲ್ಲ ಇಬ್ಬರು ಮೊಮ್ಮಕ್ಕಳನ್ನು ಜೊತೆಗಿಟ್ಟುಕೊಳ್ಳುವ ಜವಾಬ್ದಾರಿ ಹೊತ್ತವರು, ಇವರಿಗೆ ನನ್ನ ವಾದ ಅನ್ವಯಿಸುವುದಿಲ್ಲ. ಮಿಕ್ಕವರಿಗೆ ನನ್ನ ಸಲಹೆ ಹೀಗಿದೆ. ರಾತ್ರಿ ಏಳುವ ಕಷ್ಟ ಇನ್ನೂ ಆರಂಭವಾಗಿಲ್ಲದಿದ್ದರೆ ಚಿಕ್ಕದನ್ನು ಬದಲಿಸಲೇಬೇಡಿ. ಎರಡು ಮೀಟರಿನ ತೊಲೆಯ ಕೆಳಗೆ ನುಸುಳುವ ಸ್ವಾತಂತ್ರ್ಯವನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಸಿಕ್ಕುವುದಿಲ್ಲ. ಆರಂಭವಾಗಿದ್ದರೆ ಬದಲಿಸಿ, ತಡಮಾಡದೆ ಬದಲಿಸಿ, ಆದರೆ ಆರು ಮೀಟರನ್ನು ಮೀರಬೇಡಿ. ಫಿಯಟ್ ಡುಕಾಟೊ ಮುಂತಾದ ಸರಕಿನ ವ್ಯಾನುಗಳ ಒಡಲಲ್ಲಿಯೇ ಮನೆ ಕಟ್ಟಿದ ವಾಹನಗಳು 5.4 ಮೀಟರು, 6 ಮೀಟರು ಉದ್ದಗಳಲ್ಲಿ ಸಿಕ್ಕುತ್ತವೆ, ಅಗಲ 2.05 ಮೀಟರು ಮಾತ್ರ. ಅವುಗಳೊಳಗೆ ಕಟ್ಟಿದ ಮಂಚವೂ, ಬಾಗಿಲು ಮುಚ್ಚಿಕೊಳ್ಳಬಹುದಾದ ಶೌಚಾಲಯವೂ, ನೆಟ್ಟಗೆ ನಿಲ್ಲುವ ಎತ್ತರವೂ ಉಂಟು. ಸೋಫಾಗಳಿಲ್ಲ, ನಿಜ. ಮಂಚದ ಒಂದೇ ಪಕ್ಕದಿಂದ ಇಳಿಯಬೇಕಾಗಬಹುದು, ಅದೂ ನಿಜ. ಆದರೆ ಇಳಿದ ಮೇಲೆ ಹುಲ್ಲಿನ ಮೇಲೆ ನಡೆಯಬೇಕಾಗಿಲ್ಲ. ಶೌಚಾಲಯದ ಕ್ಯಾಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ ಹೊರಗೆಳೆದು, ಗಾಲಿಯ ಮೇಲೆ ಎಳೆದುಕೊಂಡು ಹೋಗಿ ಖಾಲಿಮಾಡಿ ತೊಳೆಯಬೇಕೆಂಬ ಮಾತನ್ನೂ ಮುಚ್ಚಿಡುವುದಿಲ್ಲ. ನಮ್ಮ ಹಿರಿಯರಲ್ಲಿ ಕೆಲವರಿಗೆ ಇದೊಂದೇ ಎಲ್ಲಕ್ಕಿಂತ ದೊಡ್ಡ ಅಡ್ಡಿ, ಅವರು ಹೋಟೆಲುಗಳನ್ನು ಆಶ್ರಯಿಸುವುದೇ ಲೇಸು.

ಕೊಳ್ಳುವುದಕ್ಕೆ ಮೊದಲು ಅದೇ ಅಳತೆಯದೊಂದನ್ನು ಬಾಡಿಗೆಗೆ ತೆಗೆದುಕೊಂಡು, ಜೂನಿನಲ್ಲಲ್ಲ, ನವೆಂಬರಿನಲ್ಲಿ, ಒಂದು ವಾರ ಇಬ್ಬರೂ ಇದ್ದು ಬನ್ನಿ. ಹೋಗುವಾಗ ಒಬ್ಬರು ನಡೆಸಿದರೆ ಬರುವಾಗ ಇನ್ನೊಬ್ಬರು ನಡೆಸಲಿ. ಹಾಗೆ ನಡೆಸಲಾಗದ ವಾಹನಕ್ಕೆ ಮುಂಗಡ ಕೊಡಬೇಡಿ. ನಿಮ್ಮ ಲೈಸೆನ್ಸ್ ಕಾರ್ಡಿನ ಹಿಂಬದಿಯಲ್ಲಿ ಸಿ1 ಎಂಬ ಸಾಲಿದೆಯೇ, ಇದ್ದರೆ ಅದರ ಮುಂದೆ ಯಾವ ದಿನಾಂಕವಿದೆ ಎಂಬುದನ್ನು ವ್ಯಾಪಾರಿಯ ಅಂಗಳಕ್ಕೆ ಕಾಲಿಡುವ ಮೊದಲೇ ಕನ್ನಡಕ ಹಾಕಿಕೊಂಡು ಓದಿಕೊಳ್ಳಿ.